ಹಡಗಿನ ಮಕ್ಕಳಕೂಟವೂ ವಯಸ್ಸಿನ ಗೆರೆಯೂ

ವಿಹಾರಕ್ಕೆಂದು ಸಮುದ್ರಯಾನ ಮಾಡುವ ದೊಡ್ಡ ಹಡಗುಗಳಲ್ಲಿ ಮಕ್ಕಳಿಗಾಗಿಯೇ ಏರ್ಪಡಿಸಿದ ಕ್ಲಬ್ಬುಗಳುಂಟು. ತಂದೆತಾಯಿಗಳು ಮಕ್ಕಳನ್ನು ಅಲ್ಲಿ ಬಿಟ್ಟು ನಿಶ್ಚಿಂತೆಯಿಂದ ಕಡಲನ್ನು ನೋಡುತ್ತ ಕುಳಿತಿರಬಹುದು. ಮಕ್ಕಳನ್ನು ಆಡಿಸಲು, ಚಿತ್ರ ಬರೆಯಿಸಲು, ಕಥೆ ಹೇಳಲು ಅಲ್ಲಿ ಜನರಿರುತ್ತಾರೆ. ಈ ಕ್ಲಬ್ಬುಗಳ ಮೊದಲ ನಿಯಮವೆಂದರೆ ವಯಸ್ಸಿನ ವಿಂಗಡಣೆ. ಯಾವ ಮಗು ಯಾವ ಕೂಟಕ್ಕೆ ಸೇರಬೇಕೆಂಬುದನ್ನು ಅದರ ಹುಟ್ಟಿದ ತಾರೀಖೇ ಗೊತ್ತುಮಾಡುತ್ತದೆ. ಈ ನಿಯಮ ಮೇಲುನೋಟಕ್ಕೆ ತೋರುವಷ್ಟು ಸರಳವಾದುದಲ್ಲ. ನಮ್ಮ ಮನೆಗಳಲ್ಲಿ ನಾವು ಮಕ್ಕಳನ್ನು ಬೆಳೆಸುವ ರೀತಿಯನ್ನು ಕುರಿತೂ ಅದು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ.

ಗೆರೆಗಳನ್ನು ಎಲ್ಲೆಲ್ಲಿ ಎಳೆದಿದ್ದಾರೆಂಬುದನ್ನು ಮೊದಲು ನೋಡೋಣ. ಕಾರ್ನಿವಲ್ ಕಂಪೆನಿಯ ಹಡಗುಗಳಲ್ಲಿ 2ರಿಂದ 5 ವರ್ಷದ ಮಕ್ಕಳಿಗೆ ಪೆಂಗ್ವಿನ್‌ಗಳೆಂದು ಹೆಸರು. 6ರಿಂದ 8ರವರು ತೊರಕೆಮೀನುಗಳು. 9ರಿಂದ 11ರವರು ಶಾರ್ಕುಗಳು. ಅದಕ್ಕೂ ಮೇಲ್ಪಟ್ಟವರಿಗೆ 12ರಿಂದ 14ರ ಕೂಟವೊಂದು, 15ರಿಂದ 17ರ ಕೂಟ ಇನ್ನೊಂದು. ಎಂಎಸ್‌ಸಿ ಹಡಗುಗಳಲ್ಲಿ 3ರಿಂದ 6ರವರು ಒಂದೆಡೆ, 7ರಿಂದ 11ರವರು ಇನ್ನೊಂದೆಡೆ. ಡಿಸ್ನಿ ಹಡಗುಗಳಲ್ಲಾದರೋ 3ರಿಂದ 10ರವರೆಗಿನ ಮಕ್ಕಳೆಲ್ಲರೂ ಒಂದೇ ಕ್ಲಬ್ಬಿನಲ್ಲಿ ಸೇರಬಹುದು. ಎಂದ ಮೇಲೆ, ಆರು ವರ್ಷದ ಮಗು ಒಂದು ಹಡಗಿನಲ್ಲಿ ಚಿಕ್ಕವರ ನಡುವೆ ಹಿರಿಯ. ಇನ್ನೊಂದರಲ್ಲಿ ದೊಡ್ಡವರ ನಡುವೆ ಕಿರಿಯ. ಮಗು ಅದೇ, ಕಡಲೂ ಅದೇ. ಗೆರೆ ಮಾತ್ರ ಬೇರೆ. ಪ್ರಕೃತಿ ಎಳೆದ ಗೆರೆಯಾಗಿದ್ದರೆ ಎಲ್ಲ ಹಡಗುಗಳಲ್ಲಿಯೂ ಒಂದೇ ಕಡೆ ಇರುತ್ತಿತ್ತಷ್ಟೆ.

ಹಾಗೆಂದು ಈ ಗೆರೆಗಳು ನಿರಾಧಾರವೆಂದು ನಾನು ಹೇಳಲಾರೆ. ದೊಡ್ಡ ಮಕ್ಕಳು ಆಡುವ ಸಣ್ಣ ಸಣ್ಣ ತುಂಡುಗಳನ್ನು ಮೂರು ವರ್ಷದ ಕೂಸು ಬಾಯಿಗೆ ಹಾಕಿಕೊಂಡೀತು. ಹನ್ನೊಂದರ ಹುಡುಗನ ಓಟಕ್ಕೆ ನಾಲ್ಕರ ಮಗು ಸಿಕ್ಕಿ ಬಿದ್ದೀತು. ಎಲ್ಲಕ್ಕಿಂತ ಮುಖ್ಯವಾಗಿ, ಚಿಕ್ಕ ಮಗುವನ್ನು ಕ್ಲಬ್ಬಿನಿಂದ ಕರೆದುಕೊಂಡು ಹೋಗಲು ಹಿರಿಯರೇ ಬರಬೇಕು. ಆದರೆ ಒಂಬತ್ತು ದಾಟಿದ ಮಗು, ತಂದೆತಾಯಿಗಳ ಒಪ್ಪಿಗೆಯಿದ್ದರೆ, ತಾನೇ ಹೊರಟು ಬರಲು ಹಲವು ಹಡಗುಗಳಲ್ಲಿ ಅವಕಾಶವುಂಟು. ಸುತ್ತಲೂ ನೀರಿರುವ ಕಡೆ ಇಂಥ ಎರಡು ಬಗೆಯ ಮಕ್ಕಳನ್ನು ಒಂದೇ ಬಾಗಿಲಿನಲ್ಲಿ ಬಿಡುವುದು ವಿವೇಕವಲ್ಲ.

ಆದರೂ ನಮ್ಮ ಭಾಷೆ ಬಾಲ್ಯವನ್ನು ಹೀಗೆ ಕತ್ತರಿಸಿ ನೋಡಿಲ್ಲವೆಂಬುದು ಗಮನಿಸತಕ್ಕ ವಿಷಯ. ಹಸುಳೆ, ಕೂಸು, ಮಗು, ಹುಡುಗ ಎಂಬ ಮಾತುಗಳಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಗುವ ದಿನ ಯಾವುದೆಂದು ಯಾರೂ ಹೇಳಲಾರರು. ಶಿಕ್ಷಣತಜ್ಞರಲ್ಲಿಯೂ ಹೀಗೆ ಯೋಚಿಸಿದವರಿದ್ದಾರೆ. 1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ, ಮುಂದೆ 1939ರಲ್ಲಿ ಮದರಾಸಿಗೆ ಬಂದು ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದ ಮರಿಯಾ ಮಾಂಟೆಸೊರಿ, ಮೂರರಿಂದ ಆರರವರೆಗಿನ ಮಕ್ಕಳನ್ನು ಬೇಕೆಂದೇ ಒಟ್ಟಿಗೆ ಇರಿಸಿದರು. ಕಿರಿಯರು ಹಿರಿಯರನ್ನು ನೋಡಿ ಕಲಿಯುತ್ತಾರೆ. ಹಿರಿಯರು ಕಿರಿಯರಿಗೆ ತೋರಿಸಿಕೊಡುವಾಗ ತಾವು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುತ್ತಾರೆ ಎಂಬುದು ಅವರ ಮತ.

ಇಷ್ಟನ್ನು ಓದಿದವರು, ನಮ್ಮ ಹಳೆಯ ತುಂಬಿದ ಮನೆಗಳೇ ಲೇಸು, ಹಡಗಿನವರು ಅಣ್ಣತಮ್ಮಂದಿರನ್ನು ಅಗಲಿಸುತ್ತಾರೆ ಎಂದು ತೀರ್ಮಾನಿಸಬಹುದು. ನಾನು ಅಷ್ಟು ಬೇಗ ಒಪ್ಪಲಾರೆ. ಎರಡು ವರ್ಷಗಳ ಹಿಂದೆ, ಅಮೆರಿಕದಲ್ಲಿ ನೆಲಸಿರುವ ನನ್ನ ತಂಗಿಯ ಸಂಸಾರದೊಡನೆ ಫ್ಲಾರಿಡಾದಿಂದ ಹೊರಟ ಹಡಗೊಂದರಲ್ಲಿ ನಾಲ್ಕು ದಿನ ಕಳೆದೆ. ತಂಗಿಯ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಅಕ್ಕನ ಕೂಟಕ್ಕೆ ತಾನೂ ಹೋಗುವೆನೆಂದು ಹುಡುಗ ಅತ್ತ. ಕಿರಿಯನು ಮೇಲಿನ ಕೂಟಕ್ಕೆ ಏರುವಂತಿಲ್ಲ, ಬೇಕಾದರೆ ಹಿರಿಯಳು ಕೆಳಗಿನ ಕೂಟಕ್ಕೆ ಇಳಿದು ಬರಬಹುದು ಎಂದರು ಅಲ್ಲಿನವರು. “ಪಾಪ, ನೀನೇ ಹೋಗಮ್ಮ ಅವನ ಜೊತೆ” ಎಂದಳು ತಾಯಿ. ಆ ಹುಡುಗಿ ಹೋದಳು. ಸಂಜೆ ನನ್ನ ಪಕ್ಕದಲ್ಲಿ ಕುಳಿತು, “ಮಾವ, ಇಲ್ಲೂ ನಾನು ಅಕ್ಕನಾಗಿಯೇ ಇರಬೇಕೇ?” ಎಂದು ಕೇಳಿದಳು.

ಈ ಪ್ರಶ್ನೆ ಒಂದು ಹಡಗಿನ, ಒಂದು ಹುಡುಗಿಯ ಪ್ರಶ್ನೆಯಲ್ಲ. ನಮ್ಮ ತುಂಬಿದ ಮನೆಗಳಲ್ಲಿ ಕೂಸು ಬೆಳೆದದ್ದು ಬಹುಮಟ್ಟಿಗೆ ಅಕ್ಕನ ಸೊಂಟದ ಮೇಲೆ. ಆಟಕ್ಕೆ ಹೊರಟವಳ ಕೈಗೆ ತಮ್ಮನನ್ನು ಕೊಟ್ಟು ಕಳಿಸುವುದು ನಮಗೆ ಸಹಜವಾಗಿತ್ತು. ಅವಳ ಆಟ ಎಷ್ಟು ಮೊಟಕಾಯಿತೆಂದು ಯಾರೂ ಲೆಕ್ಕವಿಡಲಿಲ್ಲ. ಅದನ್ನು ಮಮತೆಯೆಂದು ಹೊಗಳಿದೆವು. ಮಮತೆ ಇತ್ತು, ನಿಜ. ಅದರೊಡನೆ ಕೇಳದೆ ಹೊರಿಸಿದ ದುಡಿಮೆಯೂ ಇತ್ತು. ವಯಸ್ಸಿನ ಗೆರೆ ಬೇರೇನು ಮಾಡದಿದ್ದರೂ ಇಂಥ ಹುಡುಗಿಗೆ ದಿನದಲ್ಲಿ ಕೆಲವು ಗಂಟೆ ತನ್ನ ಓರಗೆಯವರನ್ನು ಒದಗಿಸಿಕೊಡುತ್ತದೆ. ಅದು ಸಣ್ಣ ಉಪಕಾರವಲ್ಲ.

ಆರಕ್ಕೇರದ ಮೂರಕ್ಕಿಳಿಯದ ಬಾಳನ್ನು ನಮ್ಮ ಗಾದೆ ಮೆಚ್ಚಿಕೊಂಡಿದೆ. ಮಕ್ಕಳ ವಿಷಯದಲ್ಲಿ ಮಾತ್ರ ಆ ಗಾದೆ ಸಲ್ಲದು. ಅವರು ಏರುತ್ತಲೂ ಇಳಿಯುತ್ತಲೂ ಇರಬೇಕು. ಕಿರಿಯರನ್ನು ಏರಗೊಡದ ನಿಯಮ ಕ್ಷೇಮಕ್ಕಾಗಿ ಇರಲಿ. ಆದರೆ ಎಲ್ಲ ವಯಸ್ಸಿನವರೂ ಕೂಡಿ ಹಾಡುವ, ಕಥೆ ಕೇಳುವ ಒಂದು ಗಂಟೆಯನ್ನು, ಕಾವಲಿಗೆ ಸಾಕಷ್ಟು ಜನರನ್ನು ಇರಿಸಿ, ಪ್ರತಿದಿನವೂ ಏರ್ಪಡಿಸಲು ಕ್ಲಬ್ಬಿನವರಿಗೆ ಕಷ್ಟವಾಗಲಾರದು. ಇನ್ನು ಹಿರಿಯ ಮಗು ಕೆಳಗಿನ ಕೂಟಕ್ಕೆ ಇಳಿದು ಬರುವ ಬಾಗಿಲು ಸದಾ ತೆರೆದಿರಲಿ. ಆದರೆ ಅದನ್ನು ದಾಟುವ ಮೊದಲು ತಾಯಿಯನ್ನಲ್ಲ, ಆ ಮಗುವನ್ನೇ ಕೇಳಬೇಕು. ‘ಒಲ್ಲೆ’ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಹಾಗೆ ತಾನಾಗಿ ಇಳಿದು ಬಂದ ಅಕ್ಕನಿಂದ ತಮ್ಮನು ಕಲಿಯುವುದು, ಕಳಿಸಲ್ಪಟ್ಟ ಅಕ್ಕನಿಂದ ಕಲಿಯುವುದಕ್ಕಿಂತ ಹೆಚ್ಚೆಂದೇ ನನ್ನ ನಂಬಿಕೆ.