ನಾಗವಲ್ಲಿಯ ಮರುಬರವು

ಪ್ರೇತದ ಚಲನಚಿತ್ರವನ್ನು ಕುರಿತು ಈ ಪುಟದಲ್ಲಿ ಬರೆಯುವುದೇ ಎಂದು ಶರಣಬಂಧುಗಳು ಹುಬ್ಬೇರಿಸಬಹುದು. ಆದರೆ ಟಿ.ವಿ.ಯಲ್ಲಿ ‘ಆಪ್ತರಕ್ಷಕ’ ಬಂದಾಗ ಮನೆಮಂದಿಯೆಲ್ಲ ಅದರ ಮುಂದೆ ಕೂರುವುದು ಸುಳ್ಳಲ್ಲ.

ಪಿ. ವಾಸು ಅವರೇ ನಿರ್ದೇಶಿಸಿದ 2004ರ ‘ಆಪ್ತಮಿತ್ರ’ದಲ್ಲಿ ಗಂಗಾಳನ್ನು ಕಾಡಿದ್ದು ಪ್ರೇತವಲ್ಲ, ಮನೋರೋಗ. ಸೇಡು ತೀರಿತೆಂದು ನಂಬಿಸಲು ವೈದ್ಯನು ರಾಜನ ಬದಲು ಗೊಂಬೆಯನ್ನಿರಿಸಿ ಆಕೆಯನ್ನು ಗುಣಪಡಿಸುವನು. 2010ರಲ್ಲಿ, ವಿಷ್ಣುವರ್ಧನರು ಅಗಲಿದ ಮೇಲೆ ತೆರೆಕಂಡ ಎರಡನೆಯ ಭಾಗದಲ್ಲಿ ಆ ವಿವೇಕವೇ ಸಡಿಲಿತು. ಮನೆ ಹೊಕ್ಕು ಕಾಡುವ ಚಿತ್ರಪಟ, ಬುಸುಗುಟ್ಟುವ ಮಹಾಸರ್ಪ, ಶತಾಯುಷ್ಯ ಮೀರಿಯೂ ಬದುಕಿರುವ ರಾಜ! ಕಥೆಯಾಗಿ ಇದು ಹದಗೆಟ್ಟ ಅಡುಗೆ. ಆದರೂ ರಾಜನ ವೇಷದಲ್ಲಿ ವಿಷ್ಣುವರ್ಧನರು ಗತ್ತಿನಿಂದ ನಡೆದು ಬಂದರೆ ಕಣ್ಣು ಕೀಳಲಾಗದು. ಹುಡುಗರಂತೆ ನಾವೂ ನಗುವೆವು.

ನಕ್ಕು ಮರೆತರೆ ಬಾಧಕವಿಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಸೊಸೆ ಮಂಕಾದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುವ ಮನೆಗಳು ಇನ್ನೂ ಇವೆ. ಲಿಂಗವಂತರ ಮನೆಗಳೂ ಹೊರತಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ದೆವ್ವದ ಭಯ ಎಲ್ಲಿಂದ ಬಂತು? ಅಂಥ ಹೆಣ್ಣುಮಗಳಿಗೆ ಬೇಕಾದವನು ಮೊದಲ ಚಿತ್ರದ ವೈದ್ಯ. ಮಂಡ್ಯದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು 2017ರ ರಾಜ್ಯ ಕಾಯಿದೆಯಂತೆ ಅಪರಾಧ; ಹೊಡೆಯುವವನು ಎಷ್ಟೇ ದೊಡ್ಡ ಮಂತ್ರವಾದಿಯಾಗಿರಲಿ.