ಐದು ಡಾಲರಿನ ಔಷಧಿಗೆ ವಾರಸುದಾರರಿಲ್ಲ

ಅಕ್ಕ ಫೋನ್ ಮಾಡಿದಾಗ ಸಿಡ್ನಿಯಲ್ಲಿ ರಾತ್ರಿ ಹನ್ನೊಂದೂವರೆ, ತಿಪಟೂರಿನಲ್ಲಿ ಸಂಜೆ ಏಳು. ಜೂನ್ ತಿಂಗಳು. ಇಲ್ಲಿ ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ, ಹಾಗಾಗಿ ನಮ್ಮಂಥ ಲೆಕ್ಕಿಗರು ಆ ಹೊತ್ತಿನಲ್ಲೂ ಎಚ್ಚರವಾಗಿಯೇ ಇರುತ್ತೇವೆ. ಅಕ್ಕ ಪೀಠಿಕೆ ಹಾಕಲಿಲ್ಲ. "ಮೂಗಿಗೆ ಹೊಡ್ಕೊಳ್ಳೋ ಔಷಧಿ ಬಂದಿದ್ಯಂತಲ್ಲೋ, ಒಂದೇ ದಿನಕ್ಕೆ ಮನಸ್ಸು ಸರಿ ಹೋಗುತ್ತಂತೆ. ದುಡ್ಡು ಎಷ್ಟಾದ್ರೂ ಆಗ್ಲಿ, ಎರಡು ಬಾಟ್ಲಿ ಕಳಿಸು."

ಅವಳ ಮಗನಿಗೆ ಇಪ್ಪತ್ತಾರು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಒಂದೂವರೆ ವರ್ಷವಾಗಿತ್ತು. ಎರಡು ಬೇರೆ ಬೇರೆ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ್ದಾನೆ. ಮಲಗುತ್ತಾನೆ, ಏಳುತ್ತಾನೆ, ಕರೆದರೆ ಊಟಕ್ಕೆ ಬರುತ್ತಾನೆ. ಅವನ ಕೋಣೆಯ ಒಳಚಿಲಕವನ್ನು ಭಾವ ಕಿತ್ತುಹಾಕಿದ್ದಾರೆ. ಯಾಕೆಂದು ಅಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಔಷಧಿ ಕಳಿಸಲಾಗುವುದಿಲ್ಲ ಎಂದು ಹೇಳಲು ನನಗೆ ಎರಡು ನಿಮಿಷ ಸಾಕಾಯಿತು. ಅದು ವಿಕ್ಸ್ ಇನ್‌ಹೇಲರ್ ಥರ ಜೇಬಿನಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಎಸ್‌ಕೆಟಮಿನ್ ಎಂಬ ಆ ಔಷಧಿಯನ್ನು ಕ್ಲಿನಿಕ್ಕಿನಲ್ಲೇ, ಸಿಬ್ಬಂದಿಯ ಕಣ್ಣೆದುರೇ ಮೂಗಿಗೆ ಹೊಡೆದುಕೊಳ್ಳಬೇಕು. ಕನಿಷ್ಠ ಎರಡು ಗಂಟೆ ಅಲ್ಲೇ ಕೂರಬೇಕು. ರಕ್ತದೊತ್ತಡ ಏರಬಹುದು, ತಲೆ ಸುತ್ತಬಹುದು, ತನ್ನ ದೇಹ ತನ್ನದಲ್ಲ ಎನ್ನಿಸಬಹುದು. ಮಾರನೆಯ ದಿನದವರೆಗೆ ಗಾಡಿ ಓಡಿಸುವಂತಿಲ್ಲ. ಮೊದಲ ನಾಲ್ಕು ವಾರ, ವಾರಕ್ಕೆರಡು ಸಲ. ಆಮೇಲೆ ವಾರಕ್ಕೊಮ್ಮೆ, ಮುಂದೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಅಕ್ಕ ಎಲ್ಲ ಕೇಳಿ, "ಅಷ್ಟೆಲ್ಲ ಇದ್ದರೂ ಕೆಲಸ ಮಾಡುತ್ತೋ ಇಲ್ವೋ ಅದನ್ನ ಹೇಳು" ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಕೂತವನು ಈಗ ಸಿಟ್ಟಿನಲ್ಲಿ ಈ ಲೇಖನ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಬಿ.ಕಾಂ. ಓದಿ, ಸಿ.ಎ. ಮಾಡಿ, ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕಪುಸ್ತಕ ತಿರುವಿಹಾಕಿ ಹೊಟ್ಟೆ ಹೊರೆಯುತ್ತಿರುವವನು. ನಮ್ಮ ಕಸುಬಿನಲ್ಲಿ ಕಲಿಯುವ ಮೊದಲ ಪಾಠ, ಬರೆದಿರುವ ಅಂಕಿಗಿಂತ ಬರೆಯದೆ ಬಿಟ್ಟ ಅಂಕಿ ಎಲ್ಲಿದೆ ಎಂದು ನೋಡುವುದು. ಈ ಔಷಧಿಯ ಪರೀಕ್ಷೆಗಳನ್ನೂ ಹಾಗೆಯೇ ಓದಿದೆ.

ಮೊದಲು ಬರೆದಿರುವುದು. ಅಮೆರಿಕದ ಎಫ್‌ಡಿಎ 2019ರ ಮಾರ್ಚ್ 5ರಂದು ಇದಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ಬಗೆಯ ಮಾತ್ರೆಗಳಿಗೂ ಬಗ್ಗದ ಖಿನ್ನತೆಯವರಿಗೆ, ಇನ್ನೊಂದು ಮಾತ್ರೆಯ ಜೊತೆಗೆ. ಸಲಹಾ ಸಮಿತಿಯಲ್ಲಿ ಪರವಾಗಿ 14 ಮತ, ವಿರುದ್ಧ 2. ಕಂಪನಿ ನಡೆಸಿದ ಅಲ್ಪಾವಧಿಯ ದೊಡ್ಡ ಪರೀಕ್ಷೆಗಳು ಮೂರು. ಅವುಗಳಲ್ಲಿ ಸಂಖ್ಯಾಶಾಸ್ತ್ರದ ಗೆರೆ ದಾಟಿದ್ದು ಒಂದು. ಇನ್ನೊಂದು, ಮತ್ತು 65 ದಾಟಿದವರ ಮೇಲೆ ನಡೆದ ಮತ್ತೊಂದು, ದಾಟಲಿಲ್ಲ. ಗೆದ್ದ ಪರೀಕ್ಷೆಯಲ್ಲಿ 60 ಅಂಕಗಳ ಖಿನ್ನತೆಯ ಮಾಪನದಲ್ಲಿ ನಾಲ್ಕು ವಾರಕ್ಕೆ ಔಷಧಿಯವರು ಸುಮಾರು 21 ಅಂಕ ಇಳಿದರು, ಬರೀ ಕಹಿನೀರು ಹೊಡೆದುಕೊಂಡವರು 17. ಎರಡೂ ಗುಂಪಿಗೆ ಹೊಸ ಮಾತ್ರೆಯೂ ಶುರುವಾಗಿತ್ತು. ನಡುವಿನ ಅಂತರ ನಾಲ್ಕು ಅಂಕ.

ನಾಲ್ಕು ಅಂಕವನ್ನು ನಾನು ಹೀಗಳೆಯುವುದಿಲ್ಲ. ಹಾಸಿಗೆಯಿಂದ ಎದ್ದು ಸ್ನಾನ ಮಾಡುವುದಕ್ಕೂ ಮಾಡದಿರುವುದಕ್ಕೂ ನಡುವೆ ಕೆಲವೊಮ್ಮೆ ಅಷ್ಟೇ ಅಂತರವಿರುತ್ತದೆ. ಅದು ನನಗೆ ಗೊತ್ತು, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಆ ಕಹಿನೀರಿನ ವಿಷಯ ನೋಡಿ. ಔಷಧಿ ಕಹಿ ಇರುವುದರಿಂದ, ಯಾರಿಗೂ ಗೊತ್ತಾಗಬಾರದೆಂದು ಪ್ಲಸೀಬೊಗೂ ಕಹಿ ಬೆರೆಸಿದರು. ನಾಲಿಗೆಗೆ ಮೋಸ ಮಾಡಿದರು, ಸರಿ. ತಲೆಗೆ? ಔಷಧಿ ಸಿಕ್ಕವನಿಗೆ ಹದಿನೈದಿಪ್ಪತ್ತು ನಿಮಿಷದಲ್ಲಿ ಕೋಣೆ ತೇಲಿದಂತಾಗುತ್ತದೆ, ಸಿಗದವನಿಗೆ ಬಾಯಿ ಕಹಿಯಾಗುವುದಷ್ಟೆ. ಯಾರಿಗೆ ಯಾವುದು ಸಿಕ್ಕಿತೆಂದು ಪತ್ತೆಹಚ್ಚಲು ಸಿ.ಎ. ಮಾಡಿರಬೇಕಿಲ್ಲ. ಔಷಧಿ ಸಿಕ್ಕಿತೆಂಬ ಖುಷಿ ಎಷ್ಟು ಅಂಕ, ಸಿಗಲಿಲ್ಲವೆಂಬ ನಿರಾಸೆ ಎಷ್ಟು ಅಂಕ, ಬೇರ್ಪಡಿಸಿದವರಿಲ್ಲ.

ಇನ್ನೊಂದು ಸಂಗತಿಯನ್ನು ಅಕ್ಕನಂಥ ತಾಯಂದಿರಿಗೆ ಯಾರೂ ಹೇಳುವುದಿಲ್ಲ. 2020ರಲ್ಲಿ ಆತ್ಮಹತ್ಯೆಯ ಯೋಚನೆಯಿರುವ ರೋಗಿಗಳಿಗೂ ಇದನ್ನು ಕೊಡಬಹುದೆಂದು ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಆ ಪರೀಕ್ಷೆಗಳಲ್ಲಿ 24 ಗಂಟೆಯೊಳಗೆ ಖಿನ್ನತೆಯ ಅಂಕ ಇಳಿದದ್ದು ನಿಜ. ವೇಗದ ಬಗ್ಗೆ ಹೇಳುವ ಮಾತು ಸುಳ್ಳಲ್ಲ. ಆದರೆ ಆತ್ಮಹತ್ಯೆಯನ್ನಾಗಲಿ, ಅದರ ಯೋಚನೆಯನ್ನಾಗಲಿ ಇದು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಔಷಧಿಯ ಅಧಿಕೃತ ವಿವರಣೆಯಲ್ಲೇ ಬರೆದಿದೆ. ವಾಟ್ಸಾಪಿನಲ್ಲಿ ತಿಪಟೂರಿಗೆ ತಲುಪಿದ್ದು "ಒಂದೇ ದಿನಕ್ಕೆ" ಎಂಬುದು ಮಾತ್ರ.

ಇನ್ನು ಬರೆಯದೆ ಬಿಟ್ಟದ್ದು. ನನ್ನ ತಕರಾರು ಇರುವುದು ಇಲ್ಲಿ.

ಎಸ್‌ಕೆಟಮಿನ್ ಆಕಾಶದಿಂದ ಉದುರಿದ ಔಷಧಿಯಲ್ಲ. ಕೆಟಮಿನ್ ಎಂಬ ಹಳೆಯ ಅರಿವಳಿಕೆಯಲ್ಲಿ ಎಡಗೈ ಬಲಗೈಗಳಂತೆ ಎರಡು ಅಣುರೂಪಗಳು ಬೆರೆತಿರುತ್ತವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿದ್ದೇ ಇದು. ಕೆಟಮಿನ್ ತಯಾರಾದದ್ದು 1962ರಲ್ಲಿ, ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಖಿನ್ನತೆಗೆ ಇದು ಗಂಟೆಗಳಲ್ಲಿ ಕೆಲಸ ಮಾಡಬಹುದೆಂದು 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಬೆರಳೆಣಿಕೆಯ ರೋಗಿಗಳಲ್ಲಿ ತೋರಿಸಿದರು. 2006ರಲ್ಲಿ ಅಮೆರಿಕದ ಸರಕಾರಿ ಮನೋರೋಗ ಸಂಸ್ಥೆಯೂ ಅದನ್ನೇ ಕಂಡಿತು. ಅಂದರೆ ಬೀಜ ಬಿತ್ತಿದ್ದರಲ್ಲಿ ಸಾರ್ವಜನಿಕರ ದುಡ್ಡಿನ ಪಾಲು ದೊಡ್ಡದು. ಆದರೆ ಪೇಟೆಂಟ್ ಮುಗಿದ ಔಷಧಿಯನ್ನು ಕೋಟಿಗಟ್ಟಲೆ ಸುರಿದು ಪರೀಕ್ಷಿಸುವವರು ಯಾರು? ಅದರಿಂದ ಒಂದು ಭಾಗ ಬೇರ್ಪಡಿಸಿ ಮೂಗಿಗೆ ಹೊಡೆಯುವ ವಿಧಾನ ಕಂಡುಹಿಡಿದರೆ ಮತ್ತೆ ಹಕ್ಕು ಸಿಗುತ್ತದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಒಂದು ಸಲದ ಡೋಸಿಗೆ ನಮೂದಾದ ಬೆಲೆ 590 ಡಾಲರ್, ದೊಡ್ಡ ಡೋಸಿಗೆ 885.

ಒಬ್ಬ ಸಾಮಾನ್ಯ ಖರೀದಿದಾರ ಕೇಳುವ ಮೊದಲ ಪ್ರಶ್ನೆ ಏನು? ಹಳೆಯದಕ್ಕಿಂತ ಇದು ಎಷ್ಟು ಮೇಲು? ಒಪ್ಪಿಗೆ ಪಡೆಯಲು ಕಂಪನಿ ಸಲ್ಲಿಸಿದ ಒಂದು ದೊಡ್ಡ ಪರೀಕ್ಷೆಯಲ್ಲೂ ಎದುರಾಳಿ ಆ ಹಳೆಯ ಕೆಟಮಿನ್ ಅಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆಮೇಲೆ ಅವರು ಕ್ವೆಟಿಯಪಿನ್ ಎಂಬ ಮಾತ್ರೆಯೊಂದಿಗೆ ಹೋಲಿಸಿದರು. 2023ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಎಂಟನೆಯ ವಾರಕ್ಕೆ ಸ್ಪ್ರೇ ಗುಂಪಿನಲ್ಲಿ ನೂರಕ್ಕೆ 27, ಮಾತ್ರೆಯ ಗುಂಪಿನಲ್ಲಿ 18ರಷ್ಟು ಜನ ಪೂರ್ತಿ ಚೇತರಿಸಿಕೊಂಡಿದ್ದರು. ಒಳ್ಳೆಯ ಅಂತರವೇ, ಜಮಾ ಮಾಡಿಕೊಳ್ಳೋಣ. ಆದರೆ ಅಣ್ಣನ ಜೊತೆ ಓಡು ಎಂದರೆ ಪಕ್ಕದ ಮನೆಯ ಹುಡುಗನ ಜೊತೆ ಓಡಿ ಗೆದ್ದು ಬಂದ ಹಾಗಾಯಿತು. ಅಣ್ಣ ತಮ್ಮ ಇಬ್ಬರನ್ನೂ ನೇರವಾಗಿ ಓಡಿಸಿದವರು ಬ್ರೆಜಿಲ್‌ನವರು: 63 ರೋಗಿಗಳು, ರಕ್ತನಾಳದ ಮೂಲಕ ಒಂದೇ ಡೋಸು, 24 ಗಂಟೆಯ ಫಲಿತಾಂಶ. ಅದರಲ್ಲಿ ಬೇರ್ಪಡಿಸಿದ ಅರ್ಧ ಹಳೆಯದಕ್ಕಿಂತ ಕಡಿಮೆಯಿಲ್ಲ ಎಂದಾಯಿತು. ಹೆಚ್ಚು ಎಂದಾಗಲಿಲ್ಲ.

ನಾನಿರುವ ಊರಿನಲ್ಲೇ ಇನ್ನೊಂದು ಪರೀಕ್ಷೆ ನಡೆದಿತ್ತು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಮತ್ತು ಬ್ಲ್ಯಾಕ್ ಡಾಗ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಕೊಲೀನ್ ಲೂ ಅವರ ನೇತೃತ್ವದಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಏಳು ಕೇಂದ್ರಗಳಲ್ಲಿ, ತೆರಿಗೆದಾರರ ದುಡ್ಡಿನಲ್ಲಿ. ಔಷಧಿ, ಹಳೆಯ ಅಗ್ಗದ ಕೆಟಮಿನ್, ಚರ್ಮದಡಿಗೆ ಚುಚ್ಚುಮದ್ದು. ಎದುರಿಗೆ ಕಹಿನೀರಲ್ಲ, ಮಿಡಜೊಲಾಮ್. ಅದೂ ಮಂಪರು ತರಿಸುವುದರಿಂದ ಯಾರಿಗೆ ಯಾವುದೆಂದು ಊಹಿಸುವುದು ಸ್ವಲ್ಪ ಕಷ್ಟ. ಸಣ್ಣ ಡೋಸಿಗೇ ಅಂಟಿಕೊಂಡ ಮೊದಲ ಗುಂಪಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅಗತ್ಯ ಬಿದ್ದರೆ ಡೋಸು ಏರಿಸಿದ ಎರಡನೆಯ ಗುಂಪಿನಲ್ಲಿ ನಾಲ್ಕು ವಾರಕ್ಕೆ ಐವರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಂಡರು. ಮಿಡಜೊಲಾಮ್‌ನವರಲ್ಲಿ ಐವತ್ತಕ್ಕೆ ಒಬ್ಬರು. ಆ ತಂಡವೇ ಆಗ ಹೇಳಿದ ಪ್ರಕಾರ ಸ್ಪ್ರೇಗೆ ಒಂದು ಡೋಸಿಗೆ ಸುಮಾರು 800 ಆಸ್ಟ್ರೇಲಿಯನ್ ಡಾಲರ್, ಹಳೆಯ ಔಷಧಿಗೆ ಐದು ಡಾಲರ್ ಇದ್ದರೂ ಆದೀತು.

ಎರಡು ವರ್ಷದ ನಂತರ, 2025ರ ಮೇ 1ರಿಂದ, ಆಸ್ಟ್ರೇಲಿಯಾ ಸರಕಾರ ಸಬ್ಸಿಡಿ ಕೊಡಲು ಶುರುಮಾಡಿತು. ಯಾವುದಕ್ಕೆ? ಎಂಟುನೂರರದಕ್ಕೆ.

ಇದರಲ್ಲಿ ಲಂಚ ರುಷುವತ್ತು ಹುಡುಕಬೇಡಿ. ಎಲ್ಲವೂ ಕಾಗದದ ಮೇಲೆ ನಿಯಮದ ಪ್ರಕಾರವೇ ಇದೆ. ಸಬ್ಸಿಡಿ ಸಿಗಬೇಕಾದರೆ ಯಾರಾದರೂ ಅರ್ಜಿ ಹಾಕಬೇಕು, ಕಡತ ತಯಾರಿಸಬೇಕು, ಶುಲ್ಕ ಕಟ್ಟಬೇಕು. ಎಂಟುನೂರು ಡಾಲರಿನ ಔಷಧಿಗೆ ಅರ್ಜಿದಾರರಿದ್ದಾರೆ. ಐದು ಡಾಲರಿನದಕ್ಕೆ ವಾರಸುದಾರರೇ ಇಲ್ಲ.

ಕೆಟಮಿನ್ ಮೋಜಿಗೂ ಬಳಕೆಯಾಗುವ ವಸ್ತು, ಮೂತ್ರಕೋಶ ಕೆಡಿಸುತ್ತದೆ, ಚಟವಾಗುತ್ತದೆ ಎನ್ನುತ್ತಾರೆ. ಹೌದು. ನಟ ಮ್ಯಾಥ್ಯೂ ಪೆರಿ 2023ರಲ್ಲಿ ತೀರಿಕೊಂಡದ್ದು ಅದರಿಂದಲೇ, ವೈದ್ಯರ ನಿಗಾ ಇಲ್ಲದ ಮನೆಯಲ್ಲಿ. ಆದರೆ ಎಸ್‌ಕೆಟಮಿನ್ ಅದೇ ವಂಶದ್ದಲ್ಲವೇ? ಎರಡು ಗಂಟೆ ಕೂರಿಸುವ ಕಟ್ಟುಪಾಡು ಸ್ಪ್ರೇಗೆ ಸಾಧ್ಯವಾದರೆ ಚುಚ್ಚುಮದ್ದಿಗೂ ಸಾಧ್ಯ. ಕಂಪನಿ ದುಡ್ಡು ಹಾಕಿ ಅಪಾಯ ಮೈಮೇಲೆಳೆದುಕೊಂಡಿದೆ, ಲಾಭ ಬೇಡವೇ ಎಂದು ಕೇಳುವವರೂ ಇದ್ದಾರೆ. ಬೇಕು, ನನ್ನ ಗಿರಾಕಿಗಳೆಲ್ಲ ಲಾಭ ಮಾಡುವವರೇ. ನಾನು ದೂರುತ್ತಿರುವುದು ಅಂಗಡಿಯವನನ್ನಲ್ಲ. ತೂಕ ಮಾಡುವ ಕೆಲಸವನ್ನೂ ಅವನಿಗೇ ವಹಿಸಿ ಕೂತ ಸರಕಾರಗಳನ್ನು, ನಮ್ಮನ್ನು.

ನಮ್ಮನ್ನು ಎಂದೆ. ಹತ್ತು ವರ್ಷದ ಕೆಳಗೆ ನಾನೇ ಹದಿನಾಲ್ಕು ತಿಂಗಳು ಖಿನ್ನತೆಯ ಮಾತ್ರೆ ನುಂಗಿದೆ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಒಬ್ಬರು ಡಬ್ಬಿ ನೋಡಿ ಕೇಳಿದಾಗ "ಬಿ.ಪಿ.ದು" ಎಂದೆ. ಅವರು ತಮ್ಮ ಬಿ.ಪಿ. ಮಾತ್ರೆ ತೆಗೆದು ತೋರಿಸಿ, ಉಪ್ಪಿನಕಾಯಿ ಬಿಡಿ ಎಂದು ಉಪದೇಶಿಸಿದರು. ನನಗೆ ಮೊದಲ ಮಾತ್ರೆಯೇ ಹಿಡಿಯಿತು, ಬದುಕಿಕೊಂಡೆ. ಹಿಡಿಯದವರ ಬಗ್ಗೆ ಯೋಚಿಸಿದ್ದು ಅಕ್ಕನ ಫೋನ್ ಬಂದ ಮೇಲೆ. ಖಾಯಿಲೆಯನ್ನೇ ಬಚ್ಚಿಡುವವರು ಅದರ ಔಷಧಿಯ ಪರೀಕ್ಷೆ ಹೇಗೆ ನಡೆಯಿತೆಂದು ಯಾರ ಮುಂದೆ ನಿಂತು ಕೇಳುತ್ತಾರೆ?

ಕೇಳಬೇಕಾದ್ದು ಊರಲ್ಲೂ ಇದೆ. ಕೆಟಮಿನ್ ನಮ್ಮ ದೇಶದ ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ ಹೊಸದಲ್ಲ. ಅರಿವಳಿಕೆ ವೈದ್ಯರಿಗೆ ಅದರ ಗುಣ ಅವಗುಣ ಎರಡೂ ಗೊತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ದೆಹಲಿಯಲ್ಲಿ ದುಡ್ಡು ಕೊಡಲು ಐಸಿಎಂಆರ್ ಇದೆ. ಅಗ್ಗದ ಚುಚ್ಚುಮದ್ದನ್ನೂ ದುಬಾರಿ ಸ್ಪ್ರೇಯನ್ನೂ ಎದುರುಬದುರು ನಿಲ್ಲಿಸಿ, ಸಾವಿರಾರು ರೋಗಿಗಳ ಮೇಲೆ, ನಾಲ್ಕು ವಾರವಲ್ಲ ಎರಡು ವರ್ಷ, ಬಿಟ್ಟ ಮೇಲೆ ಏನಾಗುತ್ತದೆಂಬುದನ್ನೂ ಸೇರಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಿ. ಹಳೆಯದು ಸೋತರೆ ಸೋಲಲಿ, ಎಂಟುನೂರು ಡಾಲರಿಗೂ ಅರ್ಥ ಬಂದೀತು. ಅಲ್ಲಿಯವರೆಗೆ ಯಾರೂ ತಮ್ಮಷ್ಟಕ್ಕೆ ತಾವೇ ಕೆಟಮಿನ್ ಹುಡುಕಿಕೊಂಡು ಹೋಗಬೇಡಿ. ಇದನ್ನು ಅಕ್ಕನಿಗೂ ಹೇಳಿದೆ. ಜೊತೆಗೆ ಟೆಲಿ ಮಾನಸ್‌ನ 14416 ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಸಿದೆ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸಂಘದಲ್ಲಿ ಖಜಾಂಚಿ ನಾನೇ. ಕಳೆದ ಸಭೆಯಲ್ಲಿ ಎದ್ದು ನಿಂತು, ಬಿ.ಪಿ. ಮಾತ್ರೆಯ ಸುಳ್ಳನ್ನು ಮೊದಲು ಹೇಳಿ, ಇಂಥ ಪರೀಕ್ಷೆ ನಡೆಸಿ ಎಂದು ಎರಡೂ ಸರಕಾರಗಳಿಗೆ ಸಂಘದ ಹೆಸರಿನಲ್ಲಿ ಪತ್ರ ಬರೆಯೋಣ ಎಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ರಾಜ್ಯೋತ್ಸವದ ಹೊತ್ತಿನಲ್ಲಿ ಇಂಥ ವಿಷಯ ಬೇಡ, ಮುಂದಿನ ಸಭೆಗೆ ಇಡೋಣ ಎಂದರು ಅಧ್ಯಕ್ಷರು. ಸಭೆ ಮುಗಿದ ಮೇಲೆ ಕಾರು ನಿಲ್ಲಿಸಿದ ಜಾಗದಲ್ಲಿ ಮೂವರು, ಒಬ್ಬರಿಗೊಬ್ಬರು ಕಾಣದ ಹಾಗೆ ಬೇರೆ ಬೇರೆಯಾಗಿ ಬಂದು, ಯಾವ ಡಾಕ್ಟರ ಹತ್ತಿರ ಹೋಗಿದ್ದೆ ಎಂದು ನನ್ನನ್ನು ಕೇಳಿದರು.