ಟಿಕ್ ಎಂದಿತು, ಢಂ ಎನ್ನಲಿಲ್ಲ

ಎನ್.ಸಿ.ಸಿ. ಸೇರಿದ ಹುಡುಗ ಹುಡುಗಿಯರು ಶಿಬಿರದಿಂದ ಮನೆಗೆ ಬಂದ ಮೇಲೆ ಮೊದಲು ಹೇಳುವ ಸುದ್ದಿ ಗುಂಡು ಹಾರಿಸಿದ್ದು. ಮಣ್ಣಿನ ದಿಬ್ಬಕ್ಕೆ ಮುಖಮಾಡಿ ಬೋರಲು ಮಲಗಿ, ರೈಫಲ್ಲಿನ ಹಿಡಿಯನ್ನು ಭುಜಕ್ಕೆ ಆನಿಸಿ, ಉಸಿರು ಬಿಗಿಹಿಡಿದು ಟ್ರಿಗರ್ ಒತ್ತಿದ್ದು. ಹತ್ತರಲ್ಲಿ ಒಬ್ಬರಾದರೂ ಇನ್ನೊಂದು ಮಾತು ಸೇರಿಸುತ್ತಾರೆ: 'ನನ್ನದು ಹಾರಲೇ ಇಲ್ಲ, ಬರೀ ಟಿಕ್ ಅಂತು.' ಹೀಗಾದಾಗ ಬೈಗುಳ ಸಿಗುವುದು ರೈಫಲ್ಲಿಗೆ. ಹಳೆಯದು, ಅಗ್ಗದ್ದು, ಕೆಟ್ಟದ್ದು ಎಂದು ತೀರ್ಪು ಕೊಟ್ಟು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ತಪ್ಪು ರೈಫಲ್ಲಿನದೇ, ತೋಟಾದ್ದೇ ಅಥವಾ ಅದನ್ನು ಶುಚಿ ಮಾಡಿದವರದೇ ಎಂದು ಪತ್ತೆಹಚ್ಚುವುದು ಮಾತ್ರ ಒಂದು ಸೊಗಸಾದ ವಿಜ್ಞಾನ ಪ್ರಯೋಗ.

ಕೆಡೆಟ್‌ಗಳು ಬಹಳ ಕಾಲದಿಂದ ಅಭ್ಯಾಸ ಮಾಡುತ್ತಾ ಬಂದಿರುವುದು 'ಪಾಯಿಂಟ್ ಟೂ ಟೂ' ರೈಫಲ್ಲಿನಲ್ಲಿ. ಗುಂಡಿನ ವ್ಯಾಸ ಅಂಗುಲದ ನೂರರಲ್ಲಿ 22 ಪಾಲು, ಅಂದರೆ ಸುಮಾರು 5.6 ಮಿಲಿಮೀಟರ್. ಮಲೆನಾಡಿನ ತೋಟಗಳಲ್ಲಿ ಕಾಣುವ ಕೋವಿಯ ತೋಟಾವನ್ನು ನೋಡಿದವರಿಗೆ ಅದರ ತಳದ ನಟ್ಟನಡುವೆ ಒಂದು ಪುಟ್ಟ ಲೋಹದ ಬಟ್ಟಲು ಇರುವುದು ಗೊತ್ತು. ಅದೇ ಕೇಪು. ಪಾಯಿಂಟ್ ಟೂ ಟೂ ತೋಟಾದ ತಳದಲ್ಲಿ ಅಂಥದ್ದೇನೂ ಇಲ್ಲ, ಬರೀ ನುಣುಪು ಹಿತ್ತಾಳೆ. ಕಿಡಿ ಹೊತ್ತಿಸುವ ರಾಸಾಯನಿಕ ಅಡಗಿರುವುದು ತಳದ ಸುತ್ತಲೂ ಉಂಗುರದಂತೆ ಹೊರಚಾಚಿದ ಟೊಳ್ಳು ಅಂಚಿನಲ್ಲಿ. ಅದಕ್ಕೇ ಇದಕ್ಕೆ ರಿಮ್‌ಫೈರ್ ಎಂಬ ಹೆಸರು.

ಈ ಅಂಚಿನೊಳಗೆ ಮದ್ದು ಸೇರುವ ಬಗೆ ಸ್ವಾರಸ್ಯಕರ. ಕಾರ್ಖಾನೆಯಲ್ಲಿ ಖಾಲಿ ಚಿಪ್ಪಿನ ತಳಕ್ಕೆ ಒದ್ದೆ ಮದ್ದಿನ ಸಣ್ಣ ಉಂಡೆಯನ್ನು ಹಾಕಿ, ಚಿಪ್ಪನ್ನು ಬುಗುರಿಗಿಂತ ಜೋರಾಗಿ ತಿರುಗಿಸುತ್ತಾರೆ. ಬಟ್ಟೆ ಒಗೆಯುವ ಯಂತ್ರದ ಡಬ್ಬದಲ್ಲಿ ಬಟ್ಟೆಗಳು ಗೋಡೆಗೆ ಅಂಟಿಕೊಳ್ಳುವಂತೆ ಮದ್ದು ಅಂಚಿನ ಟೊಳ್ಳಿಗೆ ಹೋಗಿ ಕೂರುತ್ತದೆ. ಇದನ್ನು ಕೇಂದ್ರಾಪಗಾಮಿ ಬಲ ಎಂದು ಬರೆದರೆ ಕೆಲವು ಪರೀಕ್ಷಕರು ಹುಬ್ಬು ಗಂಟಿಕ್ಕುತ್ತಾರೆ. ಜಡತ್ವ ಎಂದರೆ ಯಾರೂ ಅಂಕ ಕಳೆಯಲಾರರು. ತಿರುಗಿಸುವಾಗ ಅಂಚಿನ ಒಂದು ಕಡೆ ಮದ್ದು ತಲುಪದೇ ಹೋದರೆ ಅಲ್ಲೊಂದು ಸತ್ತ ಜಾಗ ಉಳಿಯುತ್ತದೆ. ರೈಫಲ್ಲಿನ ಸೂಜಿ ಬಂದು ಸರಿಯಾಗಿ ಅಲ್ಲೇ ಬಡಿದರೆ ಟಿಕ್ ಎಂಬ ಸದ್ದಷ್ಟೇ ಗತಿ.

ಫ್ರಾನ್ಸಿನ ಫ್ಲೋಬೆರ್ 1845ರಲ್ಲಿ ಇಂಥ ತೋಟಾದ ಮೊದಲ ರೂಪವನ್ನು ಮಾಡಿದ. ಇಂದು ಪ್ರಪಂಚದ ಎಲ್ಲೆಡೆ ಬಳಕೆಯಲ್ಲಿರುವ 'ಲಾಂಗ್ ರೈಫಲ್' ಎಂಬ ಬಗೆ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ 1887ರಲ್ಲಿ ಬಂತು. ಸೂಜಿಯ ಏಟಿಗೆ ಜಜ್ಜಿಹೋಗಬೇಕಾದ್ದರಿಂದ ಅಂಚಿನ ಹಿತ್ತಾಳೆ ತೆಳುವಾಗಿರಲೇಬೇಕು. ತೆಳುವಾಗಿರುವುದರಿಂದ ಹೆಚ್ಚು ಒತ್ತಡ ತಡೆಯದು. ಈ ತೋಟಾ ಚಿಕ್ಕದಾಗಿಯೇ, ಅಗ್ಗವಾಗಿಯೇ ಉಳಿದದ್ದು ಹಾಗೆ. ಅಗ್ಗದ ತೋಟಾಕ್ಕೆ ಅಗ್ಗದ ರೈಫಲ್ಲುಗಳೂ ಹುಟ್ಟಿಕೊಂಡವು. ಅಮೆರಿಕದಲ್ಲಿ 1960ರಲ್ಲಿ ಬಂದ ಮಾರ್ಲಿನ್ 60, 1964ರ ರೂಗರ್ 10/22 ಲಕ್ಷಗಟ್ಟಲೆ ಮನೆಗಳನ್ನು ಸೇರಿವೆ.

ಈಗ ಪತ್ತೇದಾರಿಕೆ. ಹಾರದ ತೋಟಾವನ್ನು ಹೊರತೆಗೆದಾಗ ಉಸ್ತಾದರು ಮೊದಲು ನೋಡುವುದು ಅದರ ಅಂಚಿನ ತಗ್ಗನ್ನು. ಕೊಲೆ ನಡೆದ ಜಾಗದಲ್ಲಿ ಹೆಜ್ಜೆಗುರುತು ಎಷ್ಟು ಮುಖ್ಯವೋ ಇಲ್ಲಿ ಸೂಜಿಯ ಗುರುತು ಅಷ್ಟೇ ಮುಖ್ಯ. ಪಕ್ಕದಲ್ಲಿ ಸರಿಯಾಗಿ ಹಾರಿದ ಒಂದು ಖಾಲಿ ಚಿಪ್ಪನ್ನಿಟ್ಟು ಹೋಲಿಸಬೇಕು. ಎರಡರಲ್ಲೂ ತಗ್ಗು ಒಂದೇ ಆಳವಾಗಿದ್ದರೆ ರೈಫಲ್ ನಿರಪರಾಧಿ. ಉಸ್ತಾದರು ಅದೇ ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾರಿಸಿ ನೋಡುತ್ತಾರೆ. ಹಾರಿತೆಂದರೆ ಮೊದಲ ಏಟು ಸತ್ತ ಜಾಗಕ್ಕೆ ಬಿದ್ದಿತ್ತೆಂದು ರುಜುವಾತಾಯಿತು.

ತಗ್ಗು ಆಳವಿಲ್ಲದೆ, ಉಗುರಿನ ಗೀರಿನಂತೆ ಕಂಡರೆ ಕಥೆಯೇ ಬೇರೆ. ಸೂಜಿಗೆ ಸಾಕಷ್ಟು ಶಕ್ತಿ ಸಿಕ್ಕಿಲ್ಲ. ಸ್ಪ್ರಿಂಗ್ ಸೋತಿರಬಹುದು, ಸೂಜಿಯ ತುದಿ ಸವೆದಿರಬಹುದು. ಬಹಳ ಸಲ ಅದಕ್ಕಿಂತ ಸಾಮಾನ್ಯವಾದ ಕಾರಣ ಜಿಡ್ಡು. ಎಣ್ಣೆ ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮ ಬಾಗಿಲ ಚಿಲಕದಿಂದ ಹೊಲಿಗೆ ಯಂತ್ರದವರೆಗೆ ಹಬ್ಬಿದೆ. ಬೋಲ್ಟಿನೊಳಗೆ ಸುರಿದ ಎಣ್ಣೆ ಮಸಿಯೊಡನೆ ಬೆರೆತು ಗಟ್ಟಿಯಾಗುತ್ತದೆ. ಚಳಿಗಾಲದ ಮುಂಜಾನೆ ಅದರ ಸ್ನಿಗ್ಧತೆ ಇನ್ನೂ ಹೆಚ್ಚು. ಜೇನಿನಲ್ಲಿ ಚಮಚ ತಿರುಗಿಸಿದಂತೆ ಸೂಜಿ ನಿಧಾನವಾಗಿ ಮುಂದೆ ಹೋಗುತ್ತದೆ. ಮಧ್ಯಾಹ್ನ ಅದೇ ರೈಫಲ್ ಸರಿಯಾಗಿ ಕೆಲಸ ಮಾಡಿದರೆ ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ಕಾರಣವನ್ನು ಮೊಳೆ ಹೊಡೆದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಹಲಗೆ ಅಲುಗಾಡುತ್ತಿದ್ದರೆ ಸುತ್ತಿಗೆಯ ಏಟು ಹಲಗೆಯನ್ನು ದೂಡುವುದರಲ್ಲೇ ಕಳೆದುಹೋಗುತ್ತದೆ, ಮೊಳೆ ಇಳಿಯುವುದಿಲ್ಲ. ತೋಟಾ ಕೂರುವ ಕೋಣೆಯಲ್ಲಿ ಮೇಣ, ಮಸಿ ಕಟ್ಟಿಕೊಂಡಿದ್ದರೆ ತೋಟಾ ಪೂರ್ತಿ ಒಳಗೆ ಹೋಗದೆ ಸ್ವಲ್ಪ ಹೊರಗೇ ನಿಲ್ಲುತ್ತದೆ. ಸೂಜಿಯ ಏಟು ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಎರಡನೆಯ ಏಟಿಗೆ ಹಾರುವ ತೋಟಾಗಳಲ್ಲಿ ಇಂಥವೂ ಇರುತ್ತವೆ. ಆದ್ದರಿಂದ ತಿರುಗಿಸಿ ಹಾರಿಸುವ ಪರೀಕ್ಷೆಯೊಂದನ್ನೇ ನಂಬಬಾರದು, ಮೊದಲ ತಗ್ಗಿನ ಆಳವನ್ನೂ ನೋಡಬೇಕು.

ತೋಟಾ ಇಲ್ಲದೆ ಟ್ರಿಗರ್ ಒತ್ತಿ ಆಟವಾಡುವ ಚಟವೂ ಕೆಲವರಿಗುಂಟು. ಹಲವು ಹಳೆಯ ಮಾದರಿಗಳಲ್ಲಿ ಸೂಜಿ ಆಗ ನೇರವಾಗಿ ಕೋಣೆಯ ಉಕ್ಕಿನ ಬಾಯಂಚಿಗೇ ಬಡಿಯುತ್ತದೆ. ಸಾವಿರ ಸಲ ಬಡಿದಲ್ಲಿ ಉಕ್ಕೂ ಜಜ್ಜುತ್ತದೆ. ಆಮೇಲೆ ತೋಟಾದ ಅಂಚಿಗೆ ಅಲ್ಲಿ ಅಡಿಗಲ್ಲಿನಂಥ ಆಸರೆ ಇರುವುದಿಲ್ಲ. ಈ ದೋಷಕ್ಕೆ ಚಿಂದಿ ಬಟ್ಟೆ, ಪುಲ್‌ಥ್ರೂ ಏನೂ ಮಾಡಲಾರವು. ಆಯುಧ ದುರಸ್ತಿಯವರೇ ಬೇಕು.

ಕೆಡೆಟ್‌ಗಳ ರೈಫಲ್ಲಿನಲ್ಲಿ ಪ್ರತಿ ಸಲ ಬೋಲ್ಟನ್ನು ಕೈಯಿಂದ ಎಳೆಯಬೇಕು. ಅಮೆರಿಕದ ಆ ಎರಡು ಮಾದರಿಗಳಲ್ಲಿ ಈ ಕೆಲಸ ತಾನಾಗಿಯೇ ನಡೆಯುತ್ತದೆ, ಮಾಡುವುದು ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಹೋದರೆ ಖಾಲಿ ಚಿಪ್ಪು ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಹತ್ತನೆಯ ತರಗತಿಯವರು ಲೆಕ್ಕ ಮಾಡಬಹುದು. ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ 330 ಮೀಟರ್ ಎಂದರೆ ಸಂವೇಗ ಸುಮಾರು 0.86 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಬೋಲ್ಟು 200 ಗ್ರಾಂ ಇದೆ ಎಂದಿಟ್ಟುಕೊಂಡು, ಹೊಗೆಯ ಪಾಲನ್ನು ಬಿಟ್ಟರೆ, ಅದು ಸೆಕೆಂಡಿಗೆ 4.3 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಗುಂಡಿನ ವೇಗ 375 ಮೀಟರ್ ಆದರೆ ಬೋಲ್ಟಿನ ವೇಗ 4.9. ವೇಗ ಹೆಚ್ಚಿದ್ದು ಶೇಕಡ 14ರಷ್ಟು ಮಾತ್ರ; ಚಲನಶಕ್ತಿಯಲ್ಲಿ ವೇಗದ ವರ್ಗ ಇರುವುದರಿಂದ ಅದು ಶೇಕಡ 29ರಷ್ಟು ಏರಿತು. ನಿಧಾನದ ತೋಟಾ ಹಾಕಿದರೆ ಸಿಕ್ಕಿಹಾಕಿಕೊಳ್ಳುವ ರೈಫಲ್, ವೇಗದ ತೋಟಾ ಹಾಕಿದ ಕೂಡಲೇ ಸಲೀಸಾಗಿ ಓಡುವ ಗುಟ್ಟು ಈ ವರ್ಗದಲ್ಲಿದೆ. ಮಸಿ, ಮೇಣಗಳ ಘರ್ಷಣೆ ಒಂದಷ್ಟು ಶಕ್ತಿಯನ್ನು ನುಂಗಿದರೆ ಬೋಲ್ಟು ಅರ್ಧದಾರಿಯಿಂದಲೇ ಮರಳಿ ಖಾಲಿ ಚಿಪ್ಪನ್ನು ಬಾಗಿಲಲ್ಲಿ ಕಚ್ಚಿ ಹಿಡಿಯುತ್ತದೆ.

ಮ್ಯಾಗಜಿನ್ನಿನ ತುಟಿ ಕೂದಲೆಳೆಯಷ್ಟು ಬಾಗಿದರೂ ತೋಟಾ ಓರೆಯಾಗಿ ಮೇಲೇಳುತ್ತದೆ. ಮೃದುವಾದ ಸೀಸದ ಮೂತಿ ಕೋಣೆಯ ಅಂಚಿಗೆ ತಗುಲಿ ಚಪ್ಪಟೆಯಾಗುತ್ತದೆ. ಮ್ಯಾಗಜಿನ್‌ಗಳಿಗೆ ಬಣ್ಣದಲ್ಲಿ 1, 2 ಎಂದು ಗುರುತು ಹಾಕಿ, ತೋಟಾ ಬದಲಿಸದೆ ಮ್ಯಾಗಜಿನ್ನನ್ನು ಮಾತ್ರ ಬದಲಿಸಿ ನೋಡಬೇಕು. ಆಮೇಲೆ ಮ್ಯಾಗಜಿನ್ ಹಾಗೇ ಇಟ್ಟು ತೋಟಾದ ಡಬ್ಬಿಯನ್ನು ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೈಫಲ್ ಸರಿಹೋಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ. ಶಾಲೆಯ ಪ್ರಯೋಗಾಲಯಗಳಲ್ಲಿ ವರ್ಷವೂ ನಡೆಯುವ ಅವಸರ ಇದೇ.

ಪೋಷಕರು ಗಮನಿಸಬೇಕಾದ ಭಾಗ ಮುಂದಿದೆ. ಟಿಕ್ ಎಂದ ಕೂಡಲೇ ಮಕ್ಕಳು ಸಹಜವಾಗಿ ಮಾಡುವುದು ರೈಫಲ್ ಸಮೇತ ಹಿಂದೆ ತಿರುಗಿ 'ಸರ್, ಹಾರಲಿಲ್ಲ' ಎನ್ನುವುದು. ಇದಕ್ಕಿಂತ ಅಪಾಯದ ಚಲನೆ ಮತ್ತೊಂದಿಲ್ಲ. ಅಪರೂಪಕ್ಕೆ ಕಿಡಿ ಮದ್ದಿಗೆ ತಡವಾಗಿ ತಗುಲಿ, ತೋಟಾ ಆಮೇಲೆ ಸಿಡಿಯುವುದುಂಟು. ನಳಿಕೆ ಗುರಿಯತ್ತಲೇ ಇರಬೇಕು, ಕನಿಷ್ಠ 30 ಸೆಕೆಂಡು ಅಲುಗಾಡದೆ ಕಾಯಬೇಕು, ಬೇಕಿದ್ದರೆ ಇನ್ನೊಂದು ಕೈ ಎತ್ತಬಹುದು. ಇನ್ನೂ ಮೋಸದ್ದು, ಢಂ ಎನ್ನುವ ಬದಲು ಒದ್ದೆ ಪಟಾಕಿಯಂತೆ ಪುಸ್ ಎನ್ನುವ ಸದ್ದು. ಆಗ ಗುಂಡು ನಳಿಕೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಸೀಳಲೂಬಹುದು. ಅಲ್ಲಿಗೇ ನಿಲ್ಲಿಸಿ ಉಸ್ತಾದರಿಗೆ ಒಪ್ಪಿಸಬೇಕು. ನಳಿಕೆಯ ಬಾಯಿಗೆ ಕಣ್ಣಿಟ್ಟು ನೋಡುವ ಕುತೂಹಲ ಯಾರಿಗೂ ಬೇಡ. ಈ ಪುಟ್ಟ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು.

ಹಿಂದೆ ಕೇಪಿನ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪು ಗಾಳಿಯ ತೇವವನ್ನು ಹೀರಿ ನಳಿಕೆಗೆ ತುಕ್ಕು ಹಿಡಿಸುತ್ತಿತ್ತು. ಅದರ ಜಾಗಕ್ಕೆ ಸೀಸದ ಒಂದು ಸಂಯುಕ್ತ, ಲೆಡ್ ಸ್ಟಿಫ್ನೇಟ್, ಬಂತು. ನಳಿಕೆಯ ತುಕ್ಕು ತಪ್ಪಿತು, ಸೀಸದ ಮಸಿ ಮಾತ್ರ ಕೈಗೆ ಮೆತ್ತತೊಡಗಿತು. ಗುಂಡೂ ಸೀಸದ್ದೇ. ಸೀಸ ಮಕ್ಕಳ ಮೆದುಳಿಗೆ ಕೆಡುಕು ಮಾಡುವ ಲೋಹ. ಅಭ್ಯಾಸ ಮುಗಿಸಿ ನೇರವಾಗಿ ಉಪ್ಪಿಟ್ಟಿನ ತಟ್ಟೆಗೆ ಕೈಹಾಕುವ ಮೊದಲು ಸಾಬೂನು ಹಚ್ಚಿ ಕೈ ಮುಖ ತೊಳೆಯಲೇಬೇಕು.

ಹಾರದ ತೋಟಾವನ್ನು ನೆನಪಿಗೆಂದು ಜ್ಯಾಮಿಟ್ರಿ ಬಾಕ್ಸಿನಲ್ಲಿಟ್ಟು ತರುವ ಆಸೆ ಕೆಲವರಿಗೆ ಬರುತ್ತದೆ. ಅಂಚಿನಲ್ಲಿ ತಗ್ಗು ಬಿದ್ದ ಮಾತ್ರಕ್ಕೆ ಅದು ಸತ್ತಿಲ್ಲ. ಮನೆಯಲ್ಲಿ ಯಾರಾದರೂ ಸುತ್ತಿಗೆಯಿಂದ ಕುಟ್ಟಿದರೆ ಹಿತ್ತಾಳೆಯ ಚೂರು ಕಣ್ಣಿಗೆ ಹಾರುತ್ತದೆ. ಮೇಲಾಗಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ಇಟ್ಟುಕೊಳ್ಳುವುದೂ ಅಪರಾಧ. ಅಭ್ಯಾಸದ ಕೊನೆಗೆ ಖಾಲಿ ಚಿಪ್ಪುಗಳನ್ನು ಎಣಿಸಿ ಹಾರದ ತೋಟಾಗಳನ್ನು ಬೇರೆಯಾಗಿ ಇಡುತ್ತಾರೆ. ಎರಡೂ ಸೇರಿ, ಬೆಳಿಗ್ಗೆ ಕೊಟ್ಟ ಲೆಕ್ಕಕ್ಕೆ ಸರಿಯಾದ ಮೇಲೆಯೇ ಕೆಡೆಟ್‌ಗಳಿಗೆ ಸಾಲು ಬಿಟ್ಟು ಹೋಗಲು ಅಪ್ಪಣೆ.